ಏಳನೇ ನಂಬರ್

ಮೊದಲನೆಯ ಸಾಫ್ಟ್‌ವೇರ್ ಕೇಳಿದ್ದು:
ನಿಮ್ಮಲ್ಲಿ ಒಟ್ಟು ಎಷ್ಟು ಜಾಗ?
ಸುಲಭದ ಪ್ರಶ್ನೆ. ಹನ್ನೆರಡು ಅಂತ ಒತ್ತಿದೆ.
ಬಾಗಿಲ ಬಳಿ ಹರಿದ ಬಲೆ ಹೊಲಿಯುತ್ತಿದ್ದ ದೂಮಣ್ಣ
ತಲೆ ಎತ್ತದೆ ಹೇಳಿದ: ಹನ್ನೊಂದು.
ಏಳು ಹೋಗಿ ಎರಡು ಮಳೆಗಾಲ ಆಯ್ತಲ್ಲ.

ಕೋಡಿಬೆಂಗ್ರೆಯಲ್ಲಿ ನಮ್ಮ ನೆಲಕ್ಕೆ
ಉದ್ದ ಉಂಟು, ಅಗಲ ಇಲ್ಲ.
ಪಡುವಕ್ಕೆ ಕಡಲು, ಮೂಡಕ್ಕೆ ಸುವರ್ಣಾ ಹೊಳೆ,
ನಡುವೆ ಒಂದು ಡಾಮರು ರಸ್ತೆ, ಗಾಳಿಮರ, ಟೆಂಟು,
ಶನಿವಾರ ಮಣಿಪಾಲದ ಕಾಲೇಜು ಮಕ್ಕಳು,
ಆಗೊಮ್ಮೆ ಈಗೊಮ್ಮೆ ಪುಣೆಯ ಕ್ಯಾರವಾನ್‌,
ಅಡುಗೆಮನೆಯನ್ನೇ ಎಳೆದುಕೊಂಡು ಬಂದು
ಬಂಗುಡೆ ಗಸಿ ಸಿಗುತ್ತದಾ ಎಂದು ಕೇಳುವವರು.

ಎರಡನೆಯದಕ್ಕೆ ಆಂಪಿಯರ್ ಬೇಕಂತೆ.
ಮೂವತ್ತೋ ಐವತ್ತೋ, ಒಂದನ್ನು ಆರಿಸಿ.
ನಮ್ಮದು ತೆಂಗಿನ ಮರಕ್ಕೆ ಬಿಗಿದ ಒಂದು ಪ್ಲಗ್ಗು.
ಯಾರಾದರೂ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರೆ
ನಾಲ್ಕು ಟೆಂಟಿನ ಬಲ್ಬು ಮುಖ ಸಣ್ಣ ಮಾಡುತ್ತವೆ.
ನಾಯಿಗೆ ಬೇರೆ ದರವಾ? ಅದನ್ನೂ ಕೇಳಿತು.
ನಾಯಿ ನಮ್ಮದೇ. ದರ ವಸೂಲಿ ಮಾಡುವುದು ಅದು,
ತಲೆಗೊಂದು ಮೀನಿನ ತಲೆ.
ಬಾಡಿಗೆ ಡಾಲರಿನ ಲೆಕ್ಕ, ಜುಲೈಯಲ್ಲೂ ಅಷ್ಟೇ.
ಮಳೆಗಾಲ ಎಂಬುದೊಂದು ಇದೆಯೆಂದು
ಅದಕ್ಕೆ ಯಾರೂ ಹೇಳಿಲ್ಲ.

ದೂಮಣ್ಣನ ಪುಸ್ತಕಕ್ಕೆ ಗೊತ್ತು.
ಇನ್ನೂರು ಪುಟ, ರಟ್ಟಿನ ಮೇಲೆ ಮೇಣದ ಕಲೆ.
‘ಹುಣ್ಣಿಮೆ. ಒಂದರಿಂದ ಮೂರು ಕೊಡಬಾರದು.’
‘ಹತ್ತು: ಅಡ್ವಾನ್ಸ್ ಐನೂರು. ಗಂಡ ಹೆಂಡತಿ ಮಾತಿಲ್ಲ.
ಹೊಳೆಯ ಬದಿ ಕೊಟ್ಟೆ.’
ಕೆಳಗೆ ಮರುದಿನದ ತಾರೀಕು, ಬೇರೆ ಶಾಯಿ:
‘ಮಾತು ಶುರು.’

ಅದೇ ಪುಸ್ತಕ ಡಿಸೆಂಬರಿನ ಒಂದು ಶನಿವಾರ
ನಾಲ್ಕನ್ನು ಎರಡು ಸಂಸಾರಕ್ಕೆ ಕೊಟ್ಟಿತು.
ಆ ರಾತ್ರಿ ನನ್ನ ಮಂಚದಲ್ಲಿ
ಬಳ್ಳಾರಿಯ ಮೂರು ಮಕ್ಕಳು, ಒಂದು ಅಜ್ಜಿ.
ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಸಾಫ್ಟ್‌ವೇರ್ ಹುಡುಕಲು ಶುರು ಮಾಡಿದ್ದು ಅಲ್ಲಿಂದ.

ಮೂರನೆಯದು ಹುಬ್ಬಳ್ಳಿಯದ್ದು.
ಫೋನಿನ ಆ ಕಡೆ ಬಸಲಿಂಗ ಎಂಬ ಹುಡುಗ.
ನಕ್ಷಾ ಬರೀರಿ ಮೇಡಂ, ಒಂದೊಂದ್ ಚೌಕಕ್ಕೂ ನಂಬರ್ ಕೊಡ್ರಿ.
ಕೊಟ್ಟೆ. ಏಳಕ್ಕೆ ಬಂದು ಬೆರಳು ನಿಂತಿತು.
ಖಾಲಿ ಅಲ್ಲ. ಭರ್ತಿ ಅಲ್ಲ. ರಿಪೇರಿ? ನಗು ಬಂತು.
‘ಇತರೆ’ ಒತ್ತಿದೆ. ಕಾರಣ ಬರೆಯಿರಿ ಎಂದಿತು.
ಬರೆದೆ: ಕಡಲು ಇದೆ.
ಖಾಲಿ ಮಾಡುವ ತಾರೀಕು ಕಡ್ಡಾಯ
ಎಂದು ಪರದೆ ಕೆಂಪಾಯಿತು.

ಬಸಲಿಂಗ ಸುಮ್ಮನಾದ. ಕೀಬೋರ್ಡಿನ ಸದ್ದೂ ಇಲ್ಲ.
ಆಮೇಲೆ: ನಾ ಸಮುದ್ರ ನೋಡಿಲ್ರಿ ಮೇಡಂ.
ತಗೊಂಡ್ ಹೋದ ಜಾಗಾ ವಾಪಸ್ ಕೊಡ್ತದೇನ್ರಿ ಅದು?

ದೂಮಣ್ಣನ ಮುಖ ನೋಡಿದೆ.
ಅವನು ಹಲ್ಲಿನಲ್ಲಿ ನೂಲು ಕಡಿದು
ಕೊಡ್ತದೆ, ಅಂದ, ಕೆಲವೊಮ್ಮೆ.
ಇಲ್ಲಿ ಅಲ್ಲ. ಅಳಿವೆಯ ಆಚೆ, ಕೋಡಿಕನ್ಯಾಣದ ಕಡೆ ಎಲ್ಲೋ,
ಬೇರೆಯವರಿಗೆ.

ಅದನ್ನೇ ಫೋನಿಗೆ ಹೇಳಿದೆ.
ಹಂಗಾದ್ರ ತಾರೀಖು ಕೇಳಬ್ಯಾಡ ಅಂತ
ನಮ್ಮವರಿಗೆ ಹೇಳಿ ನೋಡ್ತೀನ್ರಿ.
ಆಗ್ತದೋ ಇಲ್ಲೋ, ಗೊತ್ತಿಲ್ಲ.

ಗೊತ್ತಿಲ್ಲ.
ಮೂರು ಕಂಪೆನಿಯಲ್ಲಿ ಆ ಮಾತು ಆಡಿದ್ದು ಅವನೊಬ್ಬ.
ವರ್ಷದ ದುಡ್ಡು ಕಟ್ಟಿಬಿಟ್ಟೆ.

ಏಳು ಈಗ ನೀಲಿ ಚೌಕ, ತಾರೀಕಿಲ್ಲ.
ಕಳೆದ ವಾರ ಯಾರೋ ಕರೆಮಾಡಿ
ಏಳೇ ಬೇಕು, ಅದು ನನ್ನ ಲಕ್ಕಿ ನಂಬರ್ ಎಂದರು.
ಈಜು ಬರ್ತದಾ ಕೇಳಿ, ಅಂದ ದೂಮಣ್ಣ.
ನಗುತ್ತಲೇ ಎದ್ದು ಹೋಗಿ
ಎಂಟರ ಗೂಟ ಕಿತ್ತು
ಎರಡು ಮೊಳ ಮೂಡಕ್ಕೆ ಹೊಡೆದ.

ನಕ್ಷೆಯಲ್ಲಿ ನಾನಿನ್ನೂ ಅದನ್ನು ಸರಿಸಿಲ್ಲ.