ಹೀರೆ ಹೂವಿನ ಪಾಳಿ

ಆರೂಕಾಲಿಗೆ ಅವಳು ಮೆಟ್ಟಿಲಿಳಿಯುತ್ತಾಳೆ,
ಆರೂಕಾಲಿಗೇ ನಾನು ಹತ್ತುತ್ತೇನೆ.
ನಡುವಿನ ತಿರುವಿನಲ್ಲಿ ಊಟದ ಡಬ್ಬಿಗಳೆರಡು
ಒಂದಕ್ಕೊಂದು ತಾಗಿ ಠಣ್ ಅನ್ನುತ್ತವೆ,
ಒಂದು ತುಂಬಿದ್ದು, ಒಂದು ಖಾಲಿ.
'ಮೇಲೆ ಹೂ ಬಿಡತ್ತೆ, ನೋಡಿ' ಅನ್ನುತ್ತಲೇ
ಸಿಟಿ ಬಸ್ಸಿಗೆ ಓಡುತ್ತಾಳೆ.

ಗೋಪಾಳದ ಮೂರನೇ ಮಹಡಿ. ಏಪ್ರಿಲ್ಲು.
ಮಲೆನಾಡಿನ ಹೆಬ್ಬಾಗಿಲು ಅನ್ನಿಸಿಕೊಂಡ ಊರಿನಲ್ಲಿ
ತಾರಸಿ ಕಾದ ಕಾವಲಿ;
ಬರಿಗಾಲಲ್ಲಿ ಹೋದರೆ ಕುಣಿದುಕೊಂಡೇ ಬರಬೇಕು.
ನಲ್ಲಿ ನೀರು ದಿನ ಬಿಟ್ಟು ದಿನ,
ಅದೂ ಬೆಳಗಿನ ಜಾವ ನಾಲ್ಕಕ್ಕೆ, ಕೆಮ್ಮುತ್ತಾ.
ಪೇಂಟಿನ ಡಬ್ಬ ಆರು, ಒಡೆದ ಟಬ್ಬು ಒಂದು,
ಮೆಣಸು, ಬಸಳೆ, ದೊಡ್ಡಪತ್ರೆ,
ಮತ್ತೆ ಈ ಹೀರೆ.
ಅವಳ ಹಳೇ ಬಿಳಿ ಕೋಟನ್ನು ಕೋಲಿಗೆ ಕಟ್ಟಿ
ನೆರಳು ಮಾಡಿದ್ದೇವೆ. ದೂರದಿಂದ ನೋಡಿದರೆ
ಸುಲೋಚನಳೇ ನಿಂತು ಗಿಡಗಳಿಗೆ ಬೈಯುವಂತೆ.

ನಾನು ಲೇತಿನವನು. ಮಾಚೇನಹಳ್ಳಿಯಲ್ಲಿ ಹದಿನೆಂಟು ವರ್ಷ
ಕಬ್ಬಿಣ ಕೊರೆದಿದ್ದೇನೆ,
ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ.
ನೀರು ಹಾಕುವಾಗ ಮಾತ್ರ ಅಳತೆ ತಪ್ಪುತ್ತೇನೆ:
ಕರಿಬೇವನ್ನು ಮುಳುಗಿಸಿ ಕೊಂದವನು ನಾನೇ.
ಅದಕ್ಕೇ ಅವಳು ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ,
ಬತ್ತಿ ತುರುಕಿ, ತಲೆಕೆಳಗಾಗಿ ತೂಗುಹಾಕಿ
ಕೈಗಡಿಯಾರ ನೋಡುತ್ತಾ ಹೇಳಿದ್ದು:
'ನಿಮಿಷಕ್ಕೆ ಹದಿನೈದು ಹನಿ. ಜಾಸ್ತಿ ಬೇಡ.'
ತನ್ಮಯಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಾಳೆ.
ಮೂರನೇ ಕ್ಲಾಸು. ಹದಿನೈದರ ಮಗ್ಗಿ ಬಾಯಿಪಾಠ,
ಏಳರದ್ದು ಇನ್ನೂ ಬರುವುದಿಲ್ಲ.

ಮೊದಲ ಮೂರು ಹೀಚು ಹಳದಿಯಾಗಿ ಉದುರಿದವು,
ಹೆಬ್ಬೆರಳಿನಷ್ಟಾಗಿ, ಸುಮ್ಮನೆ.
ಮೂರನೇ ಮಹಡಿಗೆ ಜೇನು ಹತ್ತಿ ಬರುವುದಿಲ್ಲ ಅಂದಳು.
ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ,
ಬೆನ್ನಿಗೆ ಪುಟ್ಟ ಹೀರೆ ಹೊತ್ತ ಹೆಣ್ಣಿಗೆ ಮುಟ್ಟಿಸಬೇಕಂತೆ.
ಕುಂಬಳಕ್ಕಾದರೆ ಬೆಳಿಗ್ಗೆ. ಹೀರೆಗೆ ಸಂಜೆ,
ದೀಪ ಹಚ್ಚುವ ಹೊತ್ತಿಗೇ ಅದಕ್ಕೆ ಎಚ್ಚರ.
ಅವಳಿಗೂ ಅದೇ ಹೊತ್ತಿಗೆ ಡ್ಯೂಟಿ.
ಹೀಗಾಗಿ ಕೆಲಸ ನನ್ನ ಪಾಲಿಗೆ ಬಂತು.

ಕೈ ತೊಳೆದೆ. ಎರಡು ಸಲ, ಸೋಪು ಹಾಕಿ.
ಉಗುರ ಸಂದಿಯ ಗ್ರೀಸು ಹೋಗಲಿಲ್ಲ.
ತನ್ಮಯಿ ಮೊಬೈಲಿನ ಟಾರ್ಚು ಹಿಡಿದಳು.
'ಅಪ್ಪಾ, ಮೆತ್ತಗೆ.'
'ಗೊತ್ತು.'
'ಗೊತ್ತಿಲ್ಲ ನಿಂಗೆ. ಮೆತ್ತಗೆ.'
ಇಷ್ಟು ಹೆದರಿ ನಾನು ಏನನ್ನಾದರೂ ಹಿಡಿದದ್ದು
ಅವಳನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟ ದಿನವೇ.
ಹಳದಿ ಪುಡಿ ಬೆರಳಿಗೆ ಹತ್ತಿತು,
ಪ್ಯಾಂಟಿಗೆ ಒರೆಸಲು ಮನಸ್ಸಾಗಲಿಲ್ಲ.

ಒಂಬತ್ತಕ್ಕೆ ಫೋನು. ಹಿಂದೆ ಯಾರದೋ ಕೂಸಿನ ಅಳು,
ಹೆರಿಗೆ ವಾರ್ಡಿನ ಟ್ರಾಲಿಯ ಕಿರುಗುಟ್ಟು.
'ಆಯ್ತಾ?'
'ಆಯ್ತು. ಅಲ್ಲಿ?'
'ಎರಡು. ಇನ್ನೊಂದು ಹಟ ಮಾಡ್ತಿದೆ.'
ಗಂಡಹೆಂಡಿರ ಮಾತು ಈಚೆಗೆ ಅಷ್ಟೇ ಉದ್ದ.
ಆ ರಾತ್ರಿ ಕರೆಂಟು ಹೋದಾಗ ಮಗಳೂ ನಾನೂ
ಬಳ್ಳಿಯ ಕೆಳಗೇ ಚಾಪೆ ಹಾಸಿದೆವು.

ನಾಲ್ಕನೆಯದು ನಿಂತಿತು. ಐದನೆಯದೂ.
ಏಣು ಮೂಡಿ, ಮೊಳದುದ್ದ ಜೋತು,
ತಿರುಳು ಸಾರಿಗೆ, ಸಿಪ್ಪೆ ಚಟ್ನಿಗೆ;
ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬಂದವಳು
ನಿಂತೇ ಎರಡು ರೊಟ್ಟಿ ತಿಂದಳು.
'ಉಪ್ಪು ಕಮ್ಮಿ' ಅಂದಳು,
ಮೂರನೆಯದಕ್ಕೆ ಕೈ ಹಾಕುತ್ತಾ.

ನಿನ್ನೆ ಅವಳಿಗೆ ರಜೆ.
ಬಟ್ಟೆ ಜಾಲಿಸಿದ ನೀರು ತಾರಸಿಗೆ ಚಿಮುಕಿಸಿ,
ಹಬೆ ಅಡಗಿದ ಮೇಲೆ
ಮೂವರೂ ಕೂತೆವು, ಹೂವಿಗೆ ಕಾಯುತ್ತಾ.
ಅವಳೆದುರು ಮಾಡುವುದು ಇದೇ ಮೊದಲು;
ಇನ್ಸ್‌ಪೆಕ್ಷನ್ ದಿನದ ಹಾಗೆ ಅಂಗೈ ಬೆವೆತಿತ್ತು.
ಎಸಳು ಬಿಚ್ಚಿತು. ಗಂಡು ಹೂ ಕಿತ್ತು ನಾನು ಬಗ್ಗುವಷ್ಟರಲ್ಲಿ
ಎಲ್ಲಿಂದಲೋ ಒಂದು ಪತಂಗ,
ಮಾಸಿದ ಕಂದು ಬಣ್ಣದ್ದು, ಅವಸರದ್ದು:
ಆ ಹೂ, ಈ ಹೂ, ಮತ್ತೆ ಆ ಹೂ.
ಯಾರೂ ಹೇಳಿಕೊಟ್ಟಿರಲಿಲ್ಲ ಅದಕ್ಕೆ.
ಕೈ ಕೂಡ ತೊಳೆದಿರಲಿಲ್ಲ.

'ಅಪ್ಪಾ, ನಿನ್ನ ಕೆಲಸ ಹೋಯ್ತು' ಅಂದಳು ತನ್ಮಯಿ.
ಸುಲೋಚನ ನನ್ನ ಬೆರಳಿಂದ ಹೂ ಬಿಡಿಸಿಕೊಂಡು
ಮುಡಿಗೆ ಸಿಕ್ಕಿಸಿದಳು.
ಹೀರೆ ಹೂ ಯಾರೂ ಮುಡಿಯುವುದಿಲ್ಲ.