ನೀರಾದಾವ

ಬಲಗಡಿ ಗೋಡಿ ಹಿಡಕೊಂಡು ಬರ್ರಿ,
ತೆಳಗ ಮರಳು ಜಾರ್ತದ ಅಂತ
ದಿನಾ ನೂರು ಸಲ ಹೇಳ್ತೀನಿ.
ಗವಿಯಾಗಿನ ಬಲ್ಬ ನೋಡೋದು ನನ್ನ ಕೆಲಸ,
ಗಾಳಿ ಮಶಿನ್ ನಿಂತ್ರ ಮಂದಿನ್ನ ಹಿಂದಕ್ಕ ಕಳಿಸೋದು,
ಮುದುಕರಿದ್ರ ರಟ್ಟಿ ಹಿಡಿಯೋದು.

ನೀರು ಮೊದಲ ಮೊಣಕಾಲಿಗೆ ಬರ್ತದ,
ಆಮ್ಯಾಲ ಟೊಂಕಕ್ಕ, ಆಮ್ಯಾಲ ಎದಿಗೆ.
ಈ ನೀರೇ ಅಸುರ.
ನರಸಿಂಹ ಕೊಂದಾಗ, ಜೀವ ಹೋಗೋ ಹೊತ್ತಿಗೆ
ಒಂದೇ ಮಾತು ಕೇಳಿದನಂತ:
ನನ್ನ ಗವಿಯಾಗೇ ಇರು, ನಿನ್ನ ಕಾಲ ಬುಡಕ ಹರೀತೀನಿ.
ಹೂಂ ಅಂದನಂತ ದೇವರು.
ಬೀದರದಾಗ ಹುಟ್ಟಿದ ಕೂಸಿಗೂ ಈ ಕತಿ ಗೊತ್ತು.

ದೇವರು ಆ ತುದೀಗೆ ಗೋಡಿಗೆ ಹತ್ತಿಕೊಂಡಾನ.
ಒಮ್ಮೆಗೆ ಏಳೆಂಟು ಮಂದಿ, ಅದೂ ಒಂದು ಗಳಿಗಿ.
ಮೈ ಮುಟ್ಟಾವ ಅಸುರ.
ಮದಲಗಿತ್ತಿಯ ಅರಿಷಿಣ ಬಿಡೋದು ಅವನೊಳಗ,
ಹೆಗಲ ಮ್ಯಾಲಿನ ಕೂಸು ಕಾಲಾಡಿಸೋದು ಅವನೊಳಗ.
ಒಂದು ಬ್ಯಾಸಿಗಿ ನೀರು ಬತ್ತಿತ್ತು.
ಒಣ ಕಾಲಿಲೆ ಹೋಗಿ ದರ್ಶನ ತಗೊಂಡವರು
ಹೊರಗ ಬಂದು ಅಂದ್ರು,
ಹೋಗಿ ಬಂದಂಗೇ ಅನಸ್ಲಿಲ್ಲ ನೋಡು.

ನನಗೊಂದು ಹಿಸಾಬು ಕೂಡೂದಿಲ್ಲ.
ಕೊಂದಾವನ ಹೆಸರು ಅದ, ಸತ್ತಾವನ ಹೆಸರು ಅದ.
ಅದಕ್ಕೂ ಮೊದಲ ಅಸುರ ತಿಂದ ಮಂದಿ?
ಝರಿಗೆ ಕೊಡ ತಂದು ತಿರುಗಿ ಹೋಗದ ಹೆಣ್ಣಮಗಳು,
ತಪ್ಪಿಸಿಕೊಂಡ ಆಕಳ ಹುಡುಕ್ಕೊಂಡು ಬಂದ ಹುಡುಗ?
ನಿಮಗೇನು ಬೇಕು ಅಂತ
ಅವರಿಗ್ಯಾರೂ ಕೇಳಿದ್ದು ಕತಿಯಾಗ ಇಲ್ಲ.

ನಮ್ಮಕ್ಕ ಸುಮನಬಾಯಿ.
ಸ್ಟೋವ್ ಸಿಡೀತು ಅಂತ ಬರದಾರ ಕಾಗದದಾಗ.
ಅವರ ಮನಿಗೆ ಗ್ಯಾಸ್ ಬಂದು ಮೂರು ವರ್ಷ ಆಗಿತ್ತು.

ಭಾವ ವೈಜಿನಾಥ ಈಗ ಭಾಳ ಬದಲಾಗ್ಯಾನ ಅಂತಾರ.
ಕುಡಿಯೋದು ಬಿಟ್ಟಾನ, ತುಳಸಿಮಾಲಿ ಹಾಕ್ಯಾನ.
ಊಟದ ಮನಿ ಬಾಗಲ ಮ್ಯಾಲಿನ ಫರಶಿಯೊಳಗ
ಅವನ ಹೆಸರು, ಮುಂದ ಹನ್ನೊಂದು ಸಾವಿರ.
ಅದರ ತೆಳಗ ಕುಂತು ನಾನೂ ಉಂಡೀನಿ.

ಹೋದ ಶ್ರಾವಣ, ಮೂರನೇ ಶನಿವಾರ, ಬಂದ.
ಕಣ್ಣು ಮಂಜಾಗ್ಯಾವ, ಗುರ್ತು ಹಿಡೀಲಿಲ್ಲ.
ತಮ್ಮಾ, ಜರಾ ಕೈ ಹಿಡಿ ಅಂದ.
ಹಿಡದೆ.

ಅರ್ಧ ದಾಟಿದ ಮ್ಯಾಲ ಒಂದು ತೆಗ್ಗದ.
ಅಲ್ಲಿನ ಬಲ್ಬ ಮುಂಜಾನಿಂದ ಹೋಗಿತ್ತು.
ನೋಡಿದ್ದೆ. ಹಾಕಿರಲಿಲ್ಲ.
ಅವನ ಬೆರಳು ನನ್ನ ಮುಂಗೈ ಮ್ಯಾಲ,
ತಣ್ಣಗ, ಸಾಲಿಗೆ ಹೊಂಟ ಹುಡುಗನ ಬೆರಳಿನಂಗ.
ನೀರು ನನ್ನ ಎದಿತನಕ ಬಂದು ನಿಂತು
ನನ್ನ ಹೆಸರು ಹಿಡಿದು ಕರೀತು,
ಹಾಜರಿ ಬುಕ್ಕಿನ ಹೆಸರಲ್ಲ,
ಅಕ್ಕ ಒಬ್ಬಾಕೀನೆ ಕರೀತಿದ್ದ ಹೆಸರಿಲೆ.
ಕೈ ಸಡಿಲಾಯ್ತು. ಎಷ್ಟು ಹೊತ್ತು ನನಗೂ ಗೊತ್ತಿಲ್ಲ.
ಹಿಂದ ಯಾರೋ ಗೋವಿಂದಾ ಅಂದ್ರು.
ಮುಂದಿನ ಬಲ್ಬಿನ ಬೆಳಕಿಗೆ ಬಂದಾಗ
ಅವ ಇನ್ನಾ ನನ್ನ ಕೈಯಾಗೇ ಇದ್ದ.
ಹಿಡದಾವ ನಾನೋ, ಅವನೋ,
ನಡುವ ಹರಿಯಾವನೋ.

ದರ್ಶನ ಆಯ್ತು. ಅಳ್ತಿದ್ದ.
ನಾನೂ ತಲಿ ಎತ್ತಿ ನೋಡಿದೆ.
ಇಪ್ಪತ್ತು ವರ್ಷ ಆಯ್ತು ನೋಡ್ಲತ್ತಿ,
ಉಗುರು ಮಾತ್ರ ಕಾಣ್ಸೂದಿಲ್ಲ,
ಸಿಂಧೂರ ಭಾಳ ಹಚ್ಯಾರ.

ರಾತ್ರಿ ಬಾಗಲ ಹಾಕೋ ಮುಂದ ಒಬ್ಬನೇ ಇಳದೆ.
ತೆಗ್ಗಿನ ಬಲ್ಬ ಬದಲಿ ಮಾಡಿದೆ.
ಜಾಳಗಿಗೆ ಬಂದು ತಟ್ಟಿದ್ದು:
ಎರಡು ಹಸಿರು ಬಳಿ, ಯಾರದೋ ಹಲ್ಲಿನ ಸೆಟ್ಟು,
ಐದು ರೂಪಾಯಿ, ತುಳಸಿ ಮಣಿ ಒಂದು.
ನಿಂತ ಕಡೀನೆ ನೀರಿಗೆ ಕೇಳಿದೆ,
ನೀ ತಿಂದವರ ಹೆಸರು ನೆನಪವೇನು?
ಬಾವಲಿ ಒಂದು ಜಾಗಾ ಬದಲಿಸಿತು.
ಸುಮನಬಾಯಿ, ಅಂದೆ.
ಒಂದಾದರೂ ಇರಲಿ ಅಂತ, ಜೋರಾಗಿ.
ನೀರು ದೇವರ ಕಡಿಂದ ಬಾಗಲ ಕಡಿಗೆ
ಟೊಂಕ ಸುತ್ತಿ ಹೋಗ್ತಿತ್ತು, ಬೆಚ್ಚಗ.

ನಾಳಿ ಐತಾರ, ಮಂದಿ ಭಾಳ.
ಗಾಳಿ ಮಶಿನಿನ ಬೆಲ್ಟು ಒಂದೀಟು ನೋಡಬೇಕು.