ಕಿರುನಾದಲ್ಲಿ ಹೆಲ್ವಿ

ಮೂವತ್ತೆಂಟು ವರ್ಷ ಅದಿರು ತೋಡಿದ ವಾಲ್‌ಫ್ರಿಡ್
"ಊರೆಲ್ಲಿ ಹೋಯಿತು?" ಎಂದರೆ
ಮರೆವೆಂದು ಗದರಲಾರಳು ಹೆಲ್ವಿ.
ಊರು ನಿಜಕ್ಕೂ ಹೋಗಿದೆ.
ಬುಡದ ಕಬ್ಬಿಣ ತೆಗೆದು ತೆಗೆದು ನೆಲ ಕುಸಿದು
ಇಗರ್ಜಿಯನ್ನೂ ಗಾಲಿಯ ಮೇಲಿಟ್ಟು
ಪೂರ್ವಕ್ಕೆ ಸಾಗಿಸಿದರು.

ಡಾಕ್ಟರು ಮಿದುಳಿನ ಚಿತ್ರ ಹಿಡಿದರು ಬೆಳಕಿಗೆ:
ಇಗೋ ಈ ಕಪ್ಪು, ಇಲ್ಲಿ ಕಬ್ಬಿಣ ನಿಂತಿದೆ.
ಜೀವಕೋಶದ ತೊಗಲೆಂದರೆ ಕೊಬ್ಬು;
ಅದು ಕಮಟು ಹಿಡಿದು
ಕೋಶ ಒಳಗೊಳಗೇ ತುಕ್ಕಾಗಿ ಸಾಯುವುದುಂಟು,
ಹಾಗೆನ್ನುತ್ತಾರೆ, ಪೂರ್ತಿ ಗೊತ್ತಿಲ್ಲ.

ಅವಳಿಗೆ ಹತ್ತಿದ್ದು ಒಂದೇ ಮಾತು: ಕಮಟು.
ಮೊನ್ನೆ ಅವನ ಕೋಟಿನ ಕಿಸೆಯಲ್ಲಿ
ಬೆಣ್ಣೆ ಸವರಿದ ರೊಟ್ಟಿ,
ಯಾವ ಪಾಳಿಗೆಂದು ಕಟ್ಟಿಕೊಂಡಿದ್ದನೋ.

"ತೆಗೆದುಬಿಡಿ ಹಾಗಾದರೆ, ಆ ಕಬ್ಬಿಣ."
ತೆಗೆಯುವ ಮಾತ್ರೆ ಕೊಟ್ಟು ನೋಡಿದ್ದಾರೆ,
ನುಂಗಿದವರು ಇನ್ನೂ ಬೇಗ ಜಾರಿದರು.

ಹೆಲ್ವಿ ನಕ್ಕೇಬಿಟ್ಟಳು.
ಗಣಿಯ ಊರಿನವಳಿಗೆ
ಇದನ್ನು ಹೇಳಲು ಡಾಕ್ಟರು ಬೇಕೇ?

ರಾತ್ರಿ ಒಂದೂವರೆಗೆ ಆಳದಲ್ಲಿ ಬಂಡೆ ಸಿಡಿಯಿತು.
ಮಂಚ ನಡುಗಿತು, ಲೋಟದ ನೀರು ನಡುಗಿತು.
ನಿದ್ದೆಯಲ್ಲೇ ಕೈ ಚಾಚಿ
ಅವನು ಅವಳ ಕಿವಿ ಮುಚ್ಚಿದ.